ಗಣಿ ನೆಲಕ್ಕೆ ಮೊದಲು ಹೊದಿಕೆ, ಆಮೇಲೆ ಸಸಿ

ಗಣಿಗಾರಿಕೆ ಮುಗಿದ ನೆಲದಲ್ಲಿ ಸಸಿ ನೆಡುವುದು ಸುಲಭ. ಅದು ಮೂರನೆಯ ಬೇಸಿಗೆಯನ್ನು ದಾಟುವುದು ಕಷ್ಟ. ನಮ್ಮ ಆಡಳಿತ ಮೊದಲನೆಯದಕ್ಕೆ ಕೊಡುವಷ್ಟು ಮಹತ್ವವನ್ನು ಎರಡನೆಯದಕ್ಕೆ ಕೊಡುತ್ತಿಲ್ಲ.

ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಯನ್ನು 2011ರಲ್ಲಿ ತಡೆದ ಸುಪ್ರೀಂ ಕೋರ್ಟ್, 2013ರ ಏಪ್ರಿಲ್ ತೀರ್ಪಿನಲ್ಲಿ ಗಣಿಗಳ ಪುನರಾರಂಭಕ್ಕೆ ಪರಿಸರ ಪುನಶ್ಚೇತನದ ಷರತ್ತು ವಿಧಿಸಿತು. ಗಣಿ ಮುಗಿದ ನೆಲದಲ್ಲಿ ಮರಳಿ ಹುಲ್ಲು ಬೆಳೆಸಬೇಕೆಂಬ ಷರತ್ತನ್ನು ಗುತ್ತಿಗೆಗಳಲ್ಲಿ ಸೇರಿಸುವಂತೆ 2020ರ ಜನವರಿಯಲ್ಲಿ ಆದೇಶಿಸಿತು. ಆದ್ದರಿಂದ ಕಾನೂನಿನ ಕೊರತೆಯಿಲ್ಲ. ಕೊರತೆಯಿರುವುದು ಮಣ್ಣಿನ ಕುರಿತ ಕಾಳಜಿಯಲ್ಲಿ.

ಅಗೆದು ಸುರಿದ ತ್ಯಾಜ್ಯದ ದಿಬ್ಬದಲ್ಲಿ ಮೇಲ್ಮಣ್ಣಿಲ್ಲ, ಸಾವಯವ ಅಂಶವಿಲ್ಲ. ಮಳೆ ಬಿದ್ದರೆ ಕೊಚ್ಚಿಹೋಗುತ್ತದೆ, ಬಿಸಿಲು ಬಿದ್ದರೆ ಕಾಯುತ್ತದೆ. ಒಣಹುಲ್ಲು, ಸೊಪ್ಪು, ಕಡ್ಡಿಗಳ ಹೊದಿಕೆ ಮಳೆಹನಿಯ ಹೊಡೆತವನ್ನು ತಡೆಯುತ್ತದೆ, ತೇವವನ್ನು ಉಳಿಸುತ್ತದೆ, ಕೊಳೆತು ಮಣ್ಣಾಗುತ್ತದೆ. ದಿಂಡಿಗ, ಕಮರ, ಬಂದರಿಕೆಯಂತಹ ನಮ್ಮ ಬಯಲುಸೀಮೆಯ ಗಿಡಗಳಿಗೆ ಬೇಕಾದದ್ದು ಈ ಆಸರೆ. ಅದಿಲ್ಲದಿದ್ದರೆ ಗುತ್ತಿಗೆದಾರನು ಬೇಗ ಬೆಳೆಯುವ ಪರದೇಶದ ಗಿಡಗಳನ್ನೇ ಆರಿಸಿಕೊಳ್ಳುತ್ತಾನೆ.

ಹೊದಿಕೆಯೂ ಸರ್ವರೋಗಕ್ಕೆ ಮದ್ದಲ್ಲ. ದಪ್ಪವಾದರೆ ನೆಲದಲ್ಲಿ ಬಿತ್ತಿದ ಬೀಜ ಮೇಲೇಳದು. ಎಲ್ಲಿಂದಲೋ ತಂದ ಹುಲ್ಲಿನ ಜೊತೆ ಕಾಂಗ್ರೆಸ್ ಕಳೆಯ ಬೀಜವೂ ಬರಬಹುದು. ಕಡಿದಾದ ಇಳಿಜಾರಿನಲ್ಲಿ ಮೊದಲು ಒಡ್ಡು ಹಾಕದಿದ್ದರೆ ಹೊದಿಕೆಯೇ ನೀರಿನೊಡನೆ ಹೋಗುತ್ತದೆ. ಬೇಸಿಗೆಯಲ್ಲಿ ಬೆಂಕಿಯ ಭಯವಂತೂ ಇದ್ದೇ ಇದೆ.

ಅರ್ಥಶಾಸ್ತ್ರದ ಪ್ರಶ್ನೆ ಇನ್ನೊಂದಿದೆ. ಗುರುಮಠಕಲ್ ಸುತ್ತಲಿನ ಹೊಲಗಳಲ್ಲಿ ತೊಗರಿ, ಹತ್ತಿಯ ಕಟ್ಟಿಗೆ ದೊರೆಯುತ್ತದೆ. ಆದರೆ ತೊಗರಿ ಕಟ್ಟಿಗೆ ಬಡವರ ಒಲೆಯ ಉರುವಲು. ಜೋಳದ ಕಣಿಕೆ ದನಗಳ ಮೇವು. ಇವನ್ನು ಪುಕ್ಕಟೆ ವಸ್ತುಗಳೆಂದು ಎಣಿಸುವುದು ತಪ್ಪು. ಮೇವಿಗೂ ಒಲೆಗೂ ಬೇಡವಾಗಿ ಹೊಲದಲ್ಲೇ ಸುಡುವ ಕಸಕ್ಕೆ ಬೆಲೆ ಕೊಟ್ಟು ಕೊಂಡರೆ ರೈತನಿಗೆ ಆದಾಯ, ನೆಲಕ್ಕೆ ಹೊದಿಕೆ, ಎರಡೂ ಆಗುತ್ತದೆ. 2015ರ ಕಾಯ್ದೆ ತಿದ್ದುಪಡಿಯಿಂದ ರೂಪುಗೊಂಡ ಜಿಲ್ಲಾ ಖನಿಜ ಪ್ರತಿಷ್ಠಾನಗಳ ನಿಧಿಗೆ ಇದಕ್ಕಿಂತ ಉಚಿತವಾದ ವೆಚ್ಚ ಯಾವುದು?

ಸರ್ಕಾರ ಮಾಡಬೇಕಾದದ್ದು ಇಷ್ಟೆ. ಅಗೆಯುವ ಮೊದಲೇ ಮೇಲ್ಮಣ್ಣನ್ನು ಬೇರೆಯಾಗಿ ಕಾಪಿಡುವುದನ್ನು ಕಟ್ಟುನಿಟ್ಟುಗೊಳಿಸಲಿ. ಪುನಶ್ಚೇತನದ ಅಂದಾಜುಪಟ್ಟಿಯಲ್ಲಿ ಹೊದಿಕೆಗೆ ಪ್ರತ್ಯೇಕ ಬಾಬ್ತು ಇರಲಿ. ಗುತ್ತಿಗೆಯ ಅಂತಿಮ ಕಂತನ್ನು ನೆಟ್ಟ ಸಸಿಗಳ ಸಂಖ್ಯೆಗಲ್ಲ, ಮೂರು ವರ್ಷಗಳ ನಂತರ ಉಳಿದ ಸ್ಥಳೀಯ ಗಿಡಗಳ ಎಣಿಕೆಗೆ ಪಾವತಿಸಲಿ. ಕಲ್ಲು ಕ್ವಾರಿಗಳಿಗೂ ಇದೇ ನಿಯಮ ಅನ್ವಯವಾಗಲಿ. ಅದಿರು ಸಾಗಿಸುವಾಗ ಪ್ರತಿ ಟನ್ನನ್ನೂ ತೂಗುವ ಆಡಳಿತಕ್ಕೆ, ಉಳಿದ ಗಿಡಗಳನ್ನು ಎಣಿಸುವುದು ಅಸಾಧ್ಯವಲ್ಲ.