ಅಡಿಗೆಮನೆಯಲ್ಲಿ ಒಂದು ತಕ್ಕಡಿ ಇರಲಿ

‘ಪಾವು’ ಎಂಬ ಮಾತು ಊರು ಬದಲಾದಂತೆ ಅರ್ಥವನ್ನೂ ಬದಲಿಸುತ್ತದೆ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಅದು ಅಕ್ಕಿ, ಬೇಳೆಗಳನ್ನು ಅಳೆಯುವ ಪಾತ್ರೆ. ಮುಂಬಯಿ, ಪುಣೆಗಳ ಅಂಗಡಿಗಳಲ್ಲಿ ‘ಪಾವ್ ಕಿಲೋ’ ಎಂದರೆ ತೂಗಿ ಕೊಡುವ 250 ಗ್ರಾಂ. ಒಂದು ಗಾತ್ರದ ಅಳತೆ, ಮತ್ತೊಂದು ತೂಕ. ಇವೆರಡನ್ನೂ ಒಂದೇ ಎಂದು ಬಗೆಯುವುದರಿಂದ ಕೆಡುವುದು ರುಚಿ ಮಾತ್ರವಲ್ಲ, ಆರೋಗ್ಯವೂ ಕೆಡಬಹುದು.

ನಮ್ಮ ಸಾಂಪ್ರದಾಯಿಕ ಅಡಿಗೆಗೆ ಪಾತ್ರೆಯ ಅಳತೆ ಸಾಕಾಗುತ್ತಿತ್ತು. ಇಡ್ಲಿಗೆ ಒಂದು ಪಾವು ಉದ್ದಿಗೆ ಮೂರು ಪಾವು ಅಕ್ಕಿ ಎಂದಾಗ, ಎರಡನ್ನೂ ಒಂದೇ ಪಾತ್ರೆಯಲ್ಲಿ ಅಳೆದರೆ ಪ್ರಮಾಣ ತಪ್ಪುವುದಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಮತ್ತೆ ಹಾಕಬಹುದು. ಆದರೆ ಇಂದು ನಮ್ಮ ಮನೆಗಳಲ್ಲೂ ಬೇಯುತ್ತಿರುವ ಕೇಕು, ಬಿಸ್ಕತ್ತುಗಳ ವಿಷಯ ಹಾಗಲ್ಲ. ಒಮ್ಮೆ ಓವನ್ನಿನೊಳಗೆ ಹೋದ ಹಿಟ್ಟನ್ನು ತಿದ್ದಲು ಸಾಧ್ಯವಿಲ್ಲ.

ಈ ತಿನಿಸುಗಳ ವಿಧಾನಗಳಲ್ಲಿ ‘ಒಂದು ಕಪ್’ ಎಂಬುದೇ ಸ್ಥಿರವಲ್ಲ. ಅಮೆರಿಕದ ಕಪ್ ಸುಮಾರು 237 ಮಿಲಿಲೀಟರ್. ಮೆಟ್ರಿಕ್ ಕಪ್ 250. ಅಮೆರಿಕದ ಅದೇ ಕಪ್ಪಿನಲ್ಲಿ ಮೈದಾ ಸುಮಾರು 120 ಗ್ರಾಂ, ಸಕ್ಕರೆ 200 ಗ್ರಾಂ, ಬೆಣ್ಣೆ 227 ಗ್ರಾಂ ಹಿಡಿಯುತ್ತದೆ. ಮೈದಾವನ್ನು ಒತ್ತಿ ತುಂಬಿದರೆ 150 ಗ್ರಾಂ ಕೂಡ ಆದೀತು. 1896ರಲ್ಲಿ ಪ್ರಕಟವಾದ ತಮ್ಮ ಅಡಿಗೆಯ ಗ್ರಂಥದಲ್ಲಿ ಅಮೆರಿಕದ ಫ್ಯಾನಿ ಫಾರ್ಮರ್ ಅವರು, ಕಪ್ಪನ್ನೂ ಚಮಚವನ್ನೂ ಮೇಲೆ ಸಮಮಾಡಿಯೇ ಅಳೆಯಬೇಕೆಂದು ವಿಧಿಸಿದರು. ಆದರೆ ಸಮಮಾಡಿದ ಮಾತ್ರಕ್ಕೆ ಒಳಗೆ ಒತ್ತಿದ ಹಿಟ್ಟು ಸಡಿಲವಾಗುವುದಿಲ್ಲ.

ಒಂದು ಕಪ್ ಸಕ್ಕರೆಯೆಂದರೆ ಪಾವ್ ಕಿಲೋ ಎಂದು ತಿಳಿದವರು 200 ಗ್ರಾಂ ಬದಲಿಗೆ 250 ಗ್ರಾಂ ಸುರಿಯುತ್ತಾರೆ. ಹೆಚ್ಚಾದ ಆ 50 ಗ್ರಾಂ ಎಷ್ಟೆಂದರೆ, ದಿನಕ್ಕೆ 2,000 ಕ್ಯಾಲೊರಿ ಸೇವಿಸುವ ವಯಸ್ಕನೊಬ್ಬನಿಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದ ಸಕ್ಕರೆಯ ಇಡೀ ದಿನದ ಮಿತಿಯಷ್ಟು. ಉಪ್ಪಿನದೂ ಇದೇ ಕಥೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಎಂಬುದು ಅದೇ ಸಂಸ್ಥೆಯ ಸಲಹೆ. ಆದರೆ ಪುಡಿ ಉಪ್ಪು ಒಂದು ಟೀ ಚಮಚವಾದರೆ ಸುಮಾರು 6 ಗ್ರಾಂ. ಅಡಿಗೆ ಸೋಡಾದ ಒಂದು ಟೀ ಚಮಚದಲ್ಲಿ 1,200 ಮಿಲಿಗ್ರಾಮಿಗೂ ಮಿಕ್ಕಿ ಸೋಡಿಯಂ ಉಂಟು. ರಕ್ತದೊತ್ತಡ, ಮಧುಮೇಹಗಳಿರುವ ಮನೆಯಲ್ಲಿ ವೈದ್ಯರು ಪಥ್ಯವನ್ನು ಗ್ರಾಮಿನಲ್ಲಿ ಹೇಳುತ್ತಾರೆ. ನಾವೋ ಬಟ್ಟಲಿನಲ್ಲಿ ಅಳೆಯುತ್ತೇವೆ.

ಹಿರಿಯರ ಕೈಯಂದಾಜು ಸಾಲದಾಗಿತ್ತೇ ಎಂದು ಕೆಲವರು ಕೇಳಬಹುದು. ಆ ಕೈಗೆ ಪಳಗಿದ ಪಾತ್ರೆಯಿತ್ತು, ಅದೇ ಅಂಗಡಿಯ ಹಿಟ್ಟಿತ್ತು, ದಿನನಿತ್ಯದ ಅಭ್ಯಾಸವಿತ್ತು. ಊರು ಬಿಟ್ಟು ಬಂದ ನಮಗೆ ದೊರೆತದ್ದು ಅವರು ಹೇಳಿದ ಮಾತು ಮಾತ್ರ. ಪಾತ್ರೆ ಅಲ್ಲಿಯೇ ಉಳಿಯಿತು.

ಭಾರತವು 1956ರಲ್ಲಿ ಮೆಟ್ರಿಕ್ ಮಾನಗಳ ಕಾನೂನು ಮಾಡಿತು. 1958ರಿಂದ ಹಂತಹಂತವಾಗಿ ಪೇಟೆಗಳಲ್ಲಿ ಕಿಲೋಗ್ರಾಂ ನೆಲೆಯೂರಿತು. ಅದು ನಮ್ಮ ಅಡಿಗೆಮನೆಯನ್ನೂ ಪ್ರವೇಶಿಸಲಿ. ಊರಿಗೆ ಹೋದಾಗ ತಾಯಿಯೋ ಅತ್ತೆಯೋ ಬಳಸುವ ಪಾವಿನಲ್ಲಿ ಅಕ್ಕಿ, ರವೆ, ಬೆಲ್ಲದ ಪುಡಿಗಳನ್ನು ಒಂದೊಂದಾಗಿ ತುಂಬಿ, ತೂಗಿ, ಗ್ರಾಂ ಲೆಕ್ಕವನ್ನು ಬರೆದಿಟ್ಟುಕೊಳ್ಳಿರಿ. ಮಕ್ಕಳು ನಾಳೆ ಯಾವ ನಗರದಲ್ಲಿ ನೆಲೆಸಿದರೂ ಆ ರುಚಿಯನ್ನು ಮರಳಿ ಪಡೆಯಬಲ್ಲರು. ಮನೆಯ ರೋಗಿಗೆ ಎಷ್ಟು ಬಡಿಸಬೇಕೆಂಬುದೂ ಅವರಿಗೆ ಸ್ಪಷ್ಟವಾಗಿ ತಿಳಿದಿರುವುದು.