ಕೈ ತಕ್ಕಡಿಯಲ್ಲ

ನಮ್ಮಲ್ಲಿ ‘ಅಂದಾಜು’ ಎಂಬ ಮಾತಿಗೆ ಅದರ ಯೋಗ್ಯತೆಗಿಂತ ಹೆಚ್ಚಿನ ಗೌರವ ಸಲ್ಲುತ್ತಿದೆ. ಅಳೆದು ಮಾಡುವವನನ್ನು ಹೊಸಬನೆಂದೂ ಅಂದಾಜಿನಲ್ಲಿ ಮಾಡುವವನನ್ನು ಪಳಗಿದವನೆಂದೂ ಕರೆಯುವುದು ರೂಢಿಯಾಗಿದೆ. ಗೋಕಾಕದ ಕರದಂಟಿನ ಮಟ್ಟಿಗೆ ಈ ಮಾತನ್ನು ಒಪ್ಪಬಹುದು. ಬೆಲ್ಲದ ಪಾಕ ಬಂದಿತೋ ಇಲ್ಲವೋ ಎಂಬುದನ್ನು ಕಣ್ಣು ಹೇಳುತ್ತದೆ. ಪಾಕ ತಪ್ಪಿದರೆ ಕರದಂಟು ಗಟ್ಟಿಯಾದೀತು, ಹಲ್ಲಿಗೆ ತುಸು ಶ್ರಮವಾದೀತು, ಅಷ್ಟೆ. ಆದರೆ ಅದೇ ಅಂದಾಜನ್ನು ಕೋವಿಯ ನಳಿಗೆಯೊಳಗೆ ಸುರಿದರೆ ಹೋಗುವುದು ಬೆರಳು, ಕಣ್ಣು, ಕೆಲವೊಮ್ಮೆ ಪ್ರಾಣ. ಇವೆರಡನ್ನೂ ಒಂದೇ ತೂಕದಲ್ಲಿ ತೂಗುವ ಜಾಣತನವನ್ನು ವಿರೋಧಿಸಿಯೇ ಈ ಬರಹ.

ನಾಗನೂರಿನಲ್ಲಿ ಕುಳಿತವನಿಗೆ ಕೋವಿಯ ಮಾತೇಕೆ ಎಂದು ಬಂಧುಗಳು ಕೇಳಬಹುದು. ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಖಾನಾಪುರದ ಕಾಡಂಚಿನಲ್ಲಿ ಭತ್ತದ ಗದ್ದೆ ಮಾಡಿಕೊಂಡಿದ್ದಾನೆ. ಮನೆಯಲ್ಲಿ ಬೆಳೆರಕ್ಷಣೆಗೆಂದು ಪರವಾನಗಿ ಪಡೆದ ಹಳೆಯ ಕೋವಿಯೊಂದಿದೆ. ನಳಿಗೆಯ ಬಾಯಿಂದಲೇ ಮದ್ದು ಹಾಕಿ, ಗಜದಿಂದ ಜಡಿದು, ಕೇಪು ಇಟ್ಟು ಹಾರಿಸುವ ಜಾತಿಯದು. ಮಲೆನಾಡಿನವರು ಕೇಪಿನ ಕೋವಿ ಎನ್ನುತ್ತಾರೆ. ಒಂದು ಈಡಿಗೆ ಎಷ್ಟು ಮದ್ದು ಹಾಕುತ್ತೀರಿ ಎಂದು ನಾನು ಕೇಳಿದೆ. “ಅಳತೆ ಎಲ್ಲಿಂದ ಬಂತು ಸರ್? ನಮ್ಮ ಕಾಕಾನ ಕೈಯೇ ತಕ್ಕಡಿ” ಎಂದು ಆತ ಅಭಿಮಾನದಿಂದ ಹೇಳಿದ. ಗಣಿತ, ವಿಜ್ಞಾನಗಳನ್ನು ಕಲಿಸಿದ ನನಗೆ ಆ ಅಭಿಮಾನವೇ ಕಳವಳ ಹುಟ್ಟಿಸಿತು.

ಕೇಪಿನ ಕೋವಿಯ ವಿಶೇಷವನ್ನು ಮೊದಲು ಗಮನಿಸಬೇಕು. ಕಾರ್ಖಾನೆಯಲ್ಲಿ ತಯಾರಾದ ತೋಟಾವನ್ನು ಬಳಸುವವನಿಗೆ ಮದ್ದಿನ ಅಳತೆ ಆಗಿಯೇ ಬರುತ್ತದೆ. ಖಡಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ ಅವನ ಪರವಾಗಿ ಬೇರೆಯವರು ತೂಗಿರುತ್ತಾರೆ. ಕೇಪಿನ ಕೋವಿಯ ಒಡೆಯನಿಗೆ ಆ ಅನುಕೂಲವಿಲ್ಲ. ಪ್ರತಿಯೊಂದು ಈಡಿಗೂ ಅವನೇ ಕಾರ್ಖಾನೆ, ಅವನೇ ಪರೀಕ್ಷಕ. 1959ರ ಆಯುಧ ಕಾಯ್ದೆಯು ಬೆಳೆರಕ್ಷಣೆಗಾಗಿ ಇಂಥ ಕೋವಿಗೆ ಪರವಾನಗಿ ಕೊಡುವುದನ್ನು ಹೆಸರಿಸಿಯೇ ಹೇಳುತ್ತದೆ. ಕೋವಿ ಯಾರ ಕೈಯಲ್ಲಿದೆ ಎಂಬುದನ್ನು ಸರ್ಕಾರ ದಾಖಲೆಯಲ್ಲಿ ಬರೆದುಕೊಳ್ಳುತ್ತದೆ. ಆ ಕೈ ಎಷ್ಟು ಮದ್ದು ಸುರಿಯುತ್ತದೆ ಎಂಬುದನ್ನು ಕೇಳುವವರು ಯಾರು?

ಅಂದಾಜಿನ ಪಕ್ಷದವರ ಮೊದಲ ವಾದ: “ನಮ್ಮ ಹಿರಿಯರು ತಕ್ಕಡಿ ಹಿಡಿದು ಮದ್ದು ತುಂಬಿದರೇ?” ಈ ವಾದ ಕೇಳಲು ಇಂಪಾಗಿದೆ, ಆದರೆ ಚರಿತ್ರೆಗೆ ವಿರುದ್ಧವಾಗಿದೆ. ಅಳತೆ ಎಂಬುದು ಕೋವಿಯಷ್ಟೇ ಹಳೆಯದು. ಹದಿನೇಳನೆಯ ಶತಮಾನದ ಯುರೋಪಿನ ಬಂದೂಕುಧಾರಿಗಳು ಒಂದೊಂದು ಈಡಿನ ಮದ್ದನ್ನು ಮೊದಲೇ ಅಳೆದು ತುಂಬಿದ ಪುಟ್ಟ ಮರದ ಡಬ್ಬಿಗಳನ್ನು ಎದೆಯ ಪಟ್ಟಿಗೆ ತೂಗುಹಾಕಿಕೊಂಡು ನಡೆಯುತ್ತಿದ್ದರು. ಆಮೇಲೆ ಅಳೆದ ಮದ್ದನ್ನೂ ಗುಂಡನ್ನೂ ಒಂದೇ ಕಾಗದದಲ್ಲಿ ಸುತ್ತಿದ ತೋಟಾ ಬಂದಿತು. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ಬಂದೂಕಿನ ತೋಟಾ ಇದೇ. ಅದಕ್ಕೆ ಸವರಿದ ಕೊಬ್ಬಿನ ಕಥೆಯನ್ನು ನಾವೆಲ್ಲ ಓದಿದ್ದೇವೆ. ಆ ಕಾಗದದೊಳಗೆ ಏನಿತ್ತು ಎಂಬುದನ್ನು ಮಾತ್ರ ಯೋಚಿಸಲಿಲ್ಲ. ಅದರೊಳಗಿದ್ದುದು ಅಳತೆ. ಯುದ್ಧದ ಗಡಿಬಿಡಿಯಲ್ಲಿ, ಭಯದಲ್ಲಿ, ಹೊಗೆಯಲ್ಲಿ ಸೈನಿಕನ ಕೈ ಅಂದಾಜು ಮಾಡಲಾರದು ಎಂಬ ತಿಳಿವಳಿಕೆಯಿಂದಲೇ ಆ ತೋಟಾ ಹುಟ್ಟಿತು.

ಅದೇ 1857ರ ನವೆಂಬರಿನಲ್ಲಿ ನಮ್ಮ ಸೀಮೆಗೆ ದೂರವಲ್ಲದ ಮುಧೋಳ ಭಾಗದ ಹಲಗಲಿಯಲ್ಲಿ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಬ್ರಿಟಿಷರೊಡನೆ ಹೋರಾಡಿದರು. ಜಡಗ, ಬಾಲ, ಹನುಮ, ರಾಮರ ಹೆಸರುಗಳು ಲಾವಣಿಯ ಮೂಲಕ ಪಠ್ಯಪುಸ್ತಕಕ್ಕೂ ಬಂದು ನಮ್ಮ ಮಕ್ಕಳ ಬಾಯಲ್ಲಿ ಉಳಿದಿವೆ. ಆಯುಧವನ್ನು ತಮ್ಮ ಬದುಕಿನ ಭಾಗವೆಂದು ತಿಳಿದವರು ಅದರ ಮದ್ದಿನ ವಿಷಯದಲ್ಲಿ ಉಡಾಫೆಯಿಂದ ಇದ್ದರೆಂದು ನಾನು ನಂಬಲಾರೆ. ಮೈಸೂರಿನ ರಾಕೆಟ್ಟುಗಳನ್ನೇ ನೋಡಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರಲ್ಲಿ ಸಾವಿರದಷ್ಟು ಕಬ್ಬಿಣದ ರಾಕೆಟ್ಟುಗಳು ದೊರೆತವು. ಕಬ್ಬಿಣದ ಕೊಳವೆಯೊಳಗೆ ಮದ್ದನ್ನು ಒತ್ತಿ ತುಂಬಿ, ಒಂದರಂತೆ ಇನ್ನೊಂದು ಹಾರುವಂತೆ ಮಾಡುವುದು ಮನಸ್ಸಿಗೆ ಬಂದಷ್ಟು ಸುರಿಯುವವರ ಕೈಯಲ್ಲಿ ಆಗುವ ಕೆಲಸವೇ? ಹಿರಿಯರ ಹೆಸರಿನಲ್ಲಿ ಸೋಮಾರಿತನವನ್ನು ಸಮರ್ಥಿಸುವುದು ಹಿರಿಯರಿಗೆ ಮಾಡುವ ಅಪಚಾರ.

ಎರಡನೆಯ ವಾದ: “ಒಂದಿಷ್ಟು ಹೆಚ್ಚು ಕಡಿಮೆಯಾದರೆ ಏನಾಯಿತು?” ಏನಾಗುತ್ತದೆ ಎಂಬುದನ್ನು ಒಂಬತ್ತನೆಯ ತರಗತಿಯ ಲೆಕ್ಕದಿಂದಲೇ ತೋರಿಸಬಹುದು. ಒಂದು ಗುಂಡು ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಹೊರಟಿತೆನ್ನಿ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 100 ಮೀಟರ್ ದೂರವನ್ನು ಅದು ಸುಮಾರು 0.33 ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಅಷ್ಟರೊಳಗೆ ಗುರುತ್ವಾಕರ್ಷಣೆಯು ಅದನ್ನು ಸುಮಾರು 54 ಸೆಂಟಿಮೀಟರ್ ಕೆಳಕ್ಕೆ ಎಳೆದಿರುತ್ತದೆ. ಮುಂದಿನ ಈಡಿನಲ್ಲಿ ಮದ್ದು ಕಡಿಮೆಯಾಗಿ ವೇಗ 270 ಮೀಟರಿಗೆ ಇಳಿದರೆ ಅದು ಕುಸಿಯುವುದು ಸುಮಾರು 67 ಸೆಂಟಿಮೀಟರ್. ಅದೇ ಕೋವಿ, ಅದೇ ಕಣ್ಣು, ಅದೇ ಗುರಿ. ಆದರೂ 13 ಸೆಂಟಿಮೀಟರುಗಳ ಅಂತರ, ಅಂದರೆ ಅರ್ಧ ಗೇಣಿಗಿಂತ ಹೆಚ್ಚು. ದೂರ ಕಡಿಮೆಯಾದಂತೆ ಅಂತರವೂ ಕಡಿಮೆಯಾಗುತ್ತದೆ ನಿಜ, ಆದರೆ ಇಲ್ಲವಾಗುವುದಿಲ್ಲ. ಗುರಿ ತಪ್ಪಿತೆಂದು ಕಣ್ಣನ್ನು ಬಯ್ಯುವವನು ತಪ್ಪಿದ್ದು ಅಳತೆ ಎಂಬುದನ್ನು ಅರಿಯುವುದಿಲ್ಲ. ಇಂಥ ಈಡಿನಿಂದ ಅರೆಗಾಯಗೊಂಡ ಹಂದಿಯ ನೋವನ್ನೂ, ಅದು ತಿರುಗಿ ಬಿದ್ದಾಗ ಎದುರಿಗೆ ಸಿಕ್ಕವನ ಗತಿಯನ್ನೂ ಕಾಡಂಚಿನವರಿಗೆ ನಾನು ವಿವರಿಸಬೇಕಿಲ್ಲ. ಪ್ರಾಣಿಯನ್ನು ಕೊಲ್ಲುವುದು ಸರಿಯೇ ಎಂಬ ಪ್ರಶ್ನೆ ಬೇರೆ. ಅದಕ್ಕೆ 1972ರ ವನ್ಯಜೀವಿ ಕಾಯ್ದೆಯಿದೆ. ಬೆದರಿಸಲು ಹಾರಿಸುವ ಈಡಿಗೂ ಅಳತೆ ಬೇಕೆಂಬುದಷ್ಟೇ ನನ್ನ ಮಾತು.

ಕಡಿಮೆಯಾದರೆ ಗುರಿ ತಪ್ಪೀತು. ಹೆಚ್ಚಾದರೆ ನಳಿಗೆಯೇ ಒಡೆದೀತು. ಅಜ್ಜನ ಕಾಲದ ನಳಿಗೆ ಒಳಗೊಳಗೇ ತುಕ್ಕು ಹಿಡಿದು ಎಷ್ಟು ತೆಳುವಾಗಿದೆಯೋ ಹೊರಗಿನಿಂದ ಕಾಣುವುದಿಲ್ಲ. ಇದಕ್ಕೆ ನಮ್ಮ ಮಳೆಗಾಲವೂ ಸೇರಿಕೊಳ್ಳುತ್ತದೆ. ತೇವ ಹೀರಿದ ಕರಿಮದ್ದು ಮಂದವಾಗಿ ಉರಿಯುತ್ತದೆ. ‘ಸದ್ದೇ ಬರಲಿಲ್ಲ’ ಎಂದು ಶ್ರಾವಣದಲ್ಲಿ ಒಂದು ಚಿಟಿಕೆ ಏರಿಸಿದ ಕೈ ಆ ರೂಢಿಯನ್ನು ಬಿಡದೆ ಸುಗ್ಗಿಯಲ್ಲಿ ಒಣಗಿದ ಮದ್ದನ್ನೂ ಅಷ್ಟೇ ಸುರಿಯುತ್ತದೆ. ಕೈಗೆ ಅಭ್ಯಾಸವಿದೆ, ಜ್ಞಾಪಕವಿಲ್ಲ. ಅಂದಾಜಿನ ದೊಡ್ಡ ದೋಷವೇ ಇದು.

ಮೂರನೆಯ ವಾದ ಸ್ವಲ್ಪ ಮರ್ಯಾದಸ್ಥರದು: “ನಾವು ಅಳೆಯುತ್ತೇವೆ, ಚಮಚದಿಂದ.” ಸಂತೋಷ. ಆದರೆ ನಮ್ಮ ಸಂತೆಗಳಲ್ಲಿ ಬೆಳೆದ ಯಾರಿಗಾದರೂ ಸೇರು, ಪಾಯಲಿಗಳ ಮಹಿಮೆ ಗೊತ್ತು. ಜೋಳ ಕೊಳ್ಳುವಾಗ ವ್ಯಾಪಾರಿ ಪಾಯಲಿಯನ್ನು ಕುಟ್ಟಿ ಕುಟ್ಟಿ ರಾಶಿಯೇರಿಸಿ ತುಂಬುತ್ತಾನೆ. ಮಾರುವಾಗ ಮೆಲ್ಲನೆ ಸುರಿದು ತಲೆ ಸವರುತ್ತಾನೆ. ಪಾತ್ರೆ ಒಂದೇ, ಕಾಳು ಎರಡು ತೆರ. ಕರಿಮದ್ದನ್ನು ಪಾತ್ರೆಯಿಂದ ಅಳೆಯುವ ಪದ್ಧತಿ ಎಲ್ಲೆಡೆಯೂ ಇದೆ, ಅದು ತಪ್ಪಲ್ಲ. ಆದರೆ ಪಾತ್ರೆ ಒಂದೇ ಆಗಿರಬೇಕು, ತುಂಬುವ ರೀತಿ ಒಂದೇ ಆಗಿರಬೇಕು, ಪ್ರತಿಸಲವೂ ಬಾಯಿ ಸಮಕ್ಕೆ ಸವರಿರಬೇಕು. ಮದ್ದಿನ ಕಾಳು ದಪ್ಪವೋ ಸಣ್ಣವೋ ಎಂಬುದು ಬದಲಾದರೆ ಹಳೆಯ ಅಳತೆ ಅಲ್ಲಿಗೆ ರದ್ದಾಯಿತು. ಇನ್ನು ಕಾರ್ಖಾನೆಯ ತೋಟಾ ಬಿಚ್ಚಿ ಅದರೊಳಗಿನ ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ಸುರಿಯುವುದಂತೂ ಆತ್ಮಹತ್ಯೆಗೆ ಸಮಾನ. ಅದರ ಒತ್ತಡವೇ ಬೇರೆ ಜಾತಿಯದು. ಅದನ್ನು ತಡೆಯಲು ಆ ನಳಿಗೆಯನ್ನು ಮಾಡಿಲ್ಲ.

ಅಮೆರಿಕದಲ್ಲಿರುವ ನನ್ನ ವಿದ್ಯಾರ್ಥಿಗಳು ಅಲ್ಲಿಯ ಜನ ಖಾಲಿ ತೋಟಾಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬಿಸುವುದನ್ನು ಕಂಡಿರಬಹುದು. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ನಮ್ಮಲ್ಲಿ ಅಪರಾಧ. ಆದ್ದರಿಂದ ಆ ಹವ್ಯಾಸವನ್ನು ಇಲ್ಲಿಗೆ ತರುವಂತಿಲ್ಲ. ಆದರೆ ಅವರ ಶಿಸ್ತನ್ನು ತರಲು ಯಾವ ಪರವಾನಗಿಯೂ ಬೇಡ. ಅವರು ಗ್ರೇನ್ ಎಂಬ ಮಾನದ ಹತ್ತನೆಯ ಒಂದು ಭಾಗವನ್ನು ತೋರಿಸುವ ತಕ್ಕಡಿ ಇಟ್ಟುಕೊಳ್ಳುತ್ತಾರೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಇದೇನೂ ನಮಗೆ ಅಪರಿಚಿತವಲ್ಲ. ನಮ್ಮ ಹಳೆಯ ತೊಲ 180 ಗ್ರೇನ್ ತೂಗುತ್ತಿತ್ತು. ತೊಲಕ್ಕೆ 96 ಗುಲಗಂಜಿಯಾದ್ದರಿಂದ ಒಂದು ಗುಲಗಂಜಿ ಎರಡು ಗ್ರೇನಿಗೆ ತುಸು ಕಡಿಮೆ. ನೂಲಿನ ಗಿರಣಿಗಳಲ್ಲಿಯೂ ಇದೇ ಗ್ರೇನ್. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ದುಡಿದವರು ನಮ್ಮ ಬಂಧುಗಳಲ್ಲೇ ಇದ್ದಾರೆ. 120 ಗಜ ನೂಲನ್ನು ಗ್ರೇನಿನಲ್ಲಿ ತೂಗಿ, ಬಂದ ಸಂಖ್ಯೆಯಿಂದ 1000ವನ್ನು ಭಾಗಿಸಿದರೆ ನೂಲಿನ ಕೌಂಟು ಸಿಗುತ್ತದೆಂಬುದನ್ನು ಅವರನ್ನೇ ಕೇಳಿ. ಹತ್ತಿಯ ನೂಲಿಗೆ ಸಲ್ಲುವ ಮರ್ಯಾದೆ ಸಿಡಿಮದ್ದಿಗೆ ಸಲ್ಲಬಾರದೇ? ಮಗಳ ಮದುವೆಯ ಚಿನ್ನದಲ್ಲಿ ಒಂದು ಗುಲಗಂಜಿ ಕಡಿಮೆಯಾದರೆ ಅಕ್ಕಸಾಲಿಗನೊಡನೆ ಜಗಳಕ್ಕೆ ನಿಲ್ಲುವವರು ನಾವು. ಮಗ ಹೆಗಲಿಗೇರಿಸುವ ಕೋವಿಯಲ್ಲಿ ಎಷ್ಟು ಗುಲಗಂಜಿ ಹೆಚ್ಚಾಯಿತೆಂದು ಕೇಳುವುದಿಲ್ಲ!

ಹಾಗಾದರೆ ಎಷ್ಟು ಹಾಕಬೇಕು ಎಂದು ಕೇಳಿದರೆ ಆ ಸಂಖ್ಯೆಯನ್ನು ನಾನು ಬರೆಯಲಾರೆ, ಬರೆಯಬಾರದು. ಕೋವಿಯಿಂದ ಕೋವಿಗೆ ಅದು ಬೇರೆ. ಪರವಾನಗಿ ಪಡೆದ ಕೋವಿ ದುರಸ್ತಿಗಾರನು ನಳಿಗೆಯನ್ನು ಪರೀಕ್ಷಿಸಿ ಹೇಳಬೇಕಾದ ಮಾತದು. ಹೇಳಿದ ಮೇಲೆ ಅದಕ್ಕೆ ಸರಿಯಾದ ಒಂದು ಅಳತೆಯ ಕೊಳವೆಯನ್ನು ಮಾಡಿಸಿ ಕೋವಿಯ ಜೊತೆಗೇ ಇಡಬೇಕು. ನಳಿಗೆ ಖಾಲಿಯಿದ್ದಾಗ ಗಜ ಎಲ್ಲಿಯವರೆಗೆ ಇಳಿಯುತ್ತದೆ, ಈಡು ತುಂಬಿದಾಗ ಎಲ್ಲಿಗೆ ನಿಲ್ಲುತ್ತದೆ ಎಂದು ಗಜದ ಮೇಲೆ ಎರಡು ಗೀಟು ಹಾಕಿಸಬೇಕು. ತುಂಬಿದ್ದನ್ನು ಮರೆತು ಎರಡನೆಯ ಈಡು ಸುರಿಯುವ ಅನಾಹುತವೂ, ಗುಂಡು ಮದ್ದಿಗೆ ತಾಗದೆ ನಡುವೆಯೇ ನಿಲ್ಲುವ ಅನಾಹುತವೂ ಈ ಎರಡು ಗೀಟುಗಳಿಂದ ತಪ್ಪುತ್ತವೆ. ಇದಕ್ಕೆ ಖರ್ಚೆಷ್ಟು?

ಸರ್ಕಾರಕ್ಕೂ ಒಂದು ಮಾತು. 2016ರ ಆಯುಧ ನಿಯಮಗಳು ಹೊಸದಾಗಿ ಪರವಾನಗಿ ಕೇಳುವವರಿಗೆ ಸುರಕ್ಷತೆಯ ತರಬೇತಿಯನ್ನು ವಿಧಿಸಿವೆ. ಒಳ್ಳೆಯದು. ಆದರೆ ಅದಕ್ಕೂ ಹಿಂದಿನಿಂದ ಕೋವಿ ಇಟ್ಟುಕೊಂಡ ವೃದ್ಧ ರೈತನಿಗೆ ಕಲಿಸುವವರು ಬೇಡವೇ? ಪ್ರತಿ ಚುನಾವಣೆಗೂ ರೈತರು ಕೋವಿ ಹೊತ್ತುಕೊಂಡು ಠಾಣೆಗೆ ಹೋಗಿ ಒಪ್ಪಿಸಿ, ಮುಗಿದ ಮೇಲೆ ಮರಳಿ ತರುತ್ತಾರೆ. ಇಡೀ ತಾಲ್ಲೂಕಿನ ಕೋವಿಗಳು ಒಂದೆಡೆ ಕೂಡುವ ಇಂಥ ಸಮಯ ಬೇರೆ ಯಾವಾಗ ಸಿಕ್ಕೀತು? ಆಗ ಒಬ್ಬ ಪರಿಣತನನ್ನು ಕರೆಸಿ ನಳಿಗೆಗಳನ್ನು ಪರೀಕ್ಷಿಸಿ, ಅಳತೆಯ ಕೊಳವೆಯೊಂದನ್ನು ಕೊಟ್ಟು ಕಳಿಸಲು ಅಡ್ಡಿಯೇನು? ರಸೀದಿ ಕೊಡುವಷ್ಟೇ ಸುಲಭದ ಕೆಲಸವಿದು.

ನನ್ನ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೆ. ಪ್ರಯೋಗಶಾಲೆಯಲ್ಲಿ ನೀವು ಒಂದೇ ವಸ್ತುವನ್ನು ಮೂರು ಸಲ ತೂಗಿ ಸರಾಸರಿ ಬರೆದದ್ದು ಅಂಕಗಳಿಗಾಗಿ ಮಾತ್ರವಲ್ಲ. ನಿಮ್ಮ ಕೈ ನಿಮ್ಮನ್ನು ವಂಚಿಸಬಲ್ಲದು ಎಂಬ ವಿನಯವನ್ನು ಕಲಿಸುವುದಕ್ಕಾಗಿ. ಮನೆಯಲ್ಲಿ ಕೋವಿಯಿದ್ದವರು ಈ ವಾರವೇ ಅದನ್ನು ದುರಸ್ತಿಗಾರನಿಗೆ ತೋರಿಸಿರಿ. ಕಾಕಾ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಮುನಿಸು ನಾಲ್ಕು ದಿನದಲ್ಲಿ ಇಳಿಯುತ್ತದೆ; ಹೋದ ಕಣ್ಣು ಮರಳಿ ಬರುವುದಿಲ್ಲ.