ಅಕ್ಕನ ಉತ್ತರ: ಬೀಗ ಬಿದ್ದ ಚರ್ಚು

ಚಿಮ್ಮನಚೋಡದ ಸೋದರಿಯೊಬ್ಬರ ಪ್ರಶ್ನೆ: “ಅಕ್ಕಾ, ಜನ ಬರದ ಚರ್ಚಿನಾಗ ಮನಿ ಕಟ್ಟಿಕೊಟ್ರ ಪಾಪ ಬರೂದಿಲ್ಲೇನ್ರಿ?”

ಇಲ್ಲ ತಂಗೀ, ಸುಮ್ಮನೆ ಬೀಳಲು ಬಿಡುವುದೇ ತಪ್ಪು. ಹಾಸನದ ಹತ್ತಿರ ಶೆಟ್ಟಿಹಳ್ಳಿಯ ಚರ್ಚಿದೆ. ಹೇಮಾವತಿ ಅಣೆಕಟ್ಟಿನ ಹಿನ್ನೀರು ಬಂದು ಜನ ಊರು ಬಿಟ್ಟರು. ಈಗ ಉಳಿದಿರುವುದು ಸೂರಿಲ್ಲದ ಗೋಡೆ. ಅಲ್ಲಿ ನೀರಿನ ಮುಂದೆ ಉಪಾಯವಿರಲಿಲ್ಲ. ನೀರಿಲ್ಲದ ಕಡೆ ಉಪಾಯವುಂಟು. ಇಂಗ್ಲೆಂಡಿನಲ್ಲಿ 1968ರ ಚರ್ಚು ಕಾನೂನಿನಂತೆ, ಊರವರ ತಕರಾರು ಕೇಳಿದ ಮೇಲೆಯೇ ಮುಚ್ಚಿದ ಚರ್ಚುಗಳ ತೀರ್ಮಾನವಾಗುತ್ತಿತ್ತು. ಎಷ್ಟೋ ಕಡೆ ಅವು ಸಮುದಾಯ ಭವನಗಳಾದವು, ಮನೆಗಳಾದವು.

ನೀವೂ ಮೊದಲು ಜಾಗ ಯಾರ ಹೆಸರಿಗಿದೆ ನೋಡಿ. ಅಲ್ಲಿ ಮದುವೆಯಾದವರನ್ನು, ಹಿರಿಯರನ್ನು ಮಣ್ಣು ಮಾಡಿದವರನ್ನು ಕೇಳಿ. ಗೋರಿಗಳನ್ನು ಮುಟ್ಟಬೇಡಿ. ಭವನದ ಒಂದು ಬೀಗದ ಕೈ ಮಾತ್ರ ಹೆಂಗಸರ ಸೆರಗಿನಲ್ಲೇ ಇರಲಿ!